ಹೊನ್ನಕ್ಕ ಒಪ್ಪದ ಕೆಂಪು

ಕಾನಸೂರಿನಲ್ಲಿ ನಮ್ಮ ಮನೆಯ ಪಕ್ಕಕ್ಕೇ ಹೊನ್ನಕ್ಕನ ಹೊಸ ಮನೆ. ಅದರ ಕೆಲಸವೆಲ್ಲ ಹೇಳಿದ ಹೊತ್ತಿಗೆ ಮುಗಿಯಿತು, ನಡುಮನೆಯ ಒಂದು ಗೋಡೆಯ ಹೊರತು. ಬಾಗಿಲು ದಾಟಿ ಒಳಗೆ ಬಂದವರಿಗೆ ಮೊದಲು ಕಾಣುವ ಗೋಡೆ ಅದು. ಅದಕ್ಕೆ ಕಿಟಕಿ ಇರಲಿಲ್ಲ. ಸ್ವಿಚ್ ಬೋರ್ಡನ್ನು ಕೂಡ ಹೊನ್ನಕ್ಕನ ಮಗ ಉಲ್ಲಾಸ ಪಕ್ಕದ ಗೋಡೆಗೆ ಸರಿಸಿದ್ದ. ಅಲ್ಲಿ ಹೊನ್ನಕ್ಕ ತನ್ನ ಕೈಯಾರೆ ಚಿತ್ತಾರ ಬರೆಯುವುದೆಂದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದವಳು ಹೊನ್ನಕ್ಕನಲ್ಲ, ಸೊಸೆ ಪ್ರತಿಭಾ.

ಹೊನ್ನಕ್ಕ ಅರವತ್ತರ ಆಸುಪಾಸಿನ, ಸಣಕಲು ಮೈಯ, ದೊಡ್ಡ ದನಿಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆ, ಎಮ್ಮೆ, ಮಗ ಮೂರನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ಸಾಕಿದವಳು. ಮಗನಿಗೆ ಈಗ ಊರಲ್ಲೇ ಬೈಕ್ ಗ್ಯಾರೇಜ್ ಇದೆ. ಸೀರೆ ಕೊಳ್ಳುವಾಗ ಹೊನ್ನಕ್ಕ ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೀರೆಯನ್ನು ರಸ್ತೆಗೆ ತಂದು ಬಿಸಿಲಿಗೆ ಹಿಡಿಯುತ್ತಾಳೆ. ಸಿದ್ದಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಈಕೆ ಬಂದಳೆಂದರೆ ಕುರ್ಚಿಯನ್ನೇ ಹೊರಗೆ ಹಾಕಿಸುತ್ತಾರಂತೆ. ಗೊತ್ತಿಲ್ಲದ ವಿಷಯ ಬಂದರೆ ಗೊತ್ತಿಲ್ಲ ಎಂದು ಹೇಳುವುದಕ್ಕೆ ಆಕೆ ಎಂದೂ ನಾಚಿಕೊಂಡವಳಲ್ಲ. ಚಿತ್ತಾರದ ವಿಷಯದಲ್ಲಿ ಮಾತ್ರ ಹೇಳಲಿಲ್ಲ.

ಅದು ಹೀಗಾಯಿತು. ಪ್ರತಿಭಾ ಶಿರಸಿ ಪೇಟೆಯ ಹುಡುಗಿ, ಸೊಸೈಟಿಯಲ್ಲಿ ಕೆಲಸ. ಮದುವೆಯಾದಾಗಿನಿಂದ ಅತ್ತೆಗೆ ಮಿಕ್ಸರ್ ತಿರುಗಿಸುವುದು, ಫೋನಿನಲ್ಲಿ ಫೋಟೊ ನೋಡುವುದು, ಗ್ಯಾಸ್ ಬುಕ್ ಮಾಡುವುದು ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದವಳು. ಒಂದು ದಿನ ಅವಳು ಗೆಳತಿಯರ ಜೊತೆ ಯಲ್ಲಾಪುರದ ಕಡೆ ಹೋಗಿದ್ದಾಗ ಅಲ್ಲಿನ ಹೋಂಸ್ಟೇ ಒಂದರ ಕೆಂಪು ಗೋಡೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ ಕಂಡಳು. ಪ್ರವಾಸಿಗಳು ಅದರ ಮುಂದೆ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮನೆಗೆ ಬಂದವಳೇ ಫೋನ್ ಹಿಡಿದು ಅತ್ತೆಯ ಮುಂದೆ ಕುಳಿತಳು.

“ಅತ್ತೆ, ಇದು ನಿಮ್ಮ ಕಡೇದಲ್ವಾ?”

“ಹೌದೇ. ನನ್ನ ತವರಲ್ಲಿ ಮದುವೆ ಅಂದ್ರೆ ಇದಿಲ್ದೆ ಆಗ್ತಿರ್ಲಿಲ್ಲ. ಮದುಮಕ್ಕಳು ಕೂರೋ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಲ್ಲಿ ಬರೆಯದು.”

“ಅಯ್ಯೋ, ಹಾಗಾದ್ರೆ ನಿಮಗೆ ಬರ್ತದೆ! ಇಷ್ಟು ದಿನ ಬಾಯೇ ಬಿಟ್ಟಿಲ್ವಲ್ಲ ಅತ್ತೆ!”

ಸೊಸೆಯ ಮುಖದಲ್ಲಿ ಅಂಥ ಬೆರಗನ್ನು ಹೊನ್ನಕ್ಕ ಅದುವರೆಗೆ ನೋಡಿರಲಿಲ್ಲ. ಚಹಾ ಕುಡಿದು ಮುಗಿಯಲಿ, ಆಮೇಲೆ ನಿಜ ಹೇಳೋಣ ಎಂದುಕೊಂಡಳು. ಚಹಾ ಮುಗಿಯುವುದರೊಳಗೆ ಪ್ರತಿಭಾ ಶಿರಸಿಯ ತಾಯಿಗೆ ಫೋನ್ ಮಾಡಿ, “ನಮ್ಮತ್ತೆ ದೊಡ್ಡ ಕಲಾವಿದೆ” ಎಂದು ಹೇಳಿ ಆಗಿತ್ತು.

ಪೇಂಟರ್ ಗಣಪ ಬಂದ. ಬಣ್ಣದ ಕಾರ್ಡಿನಲ್ಲಿ ಅಂಗೈಯಷ್ಟು ಜಾಗದಲ್ಲಿ ಹನ್ನೆರಡು ಬಗೆಯ ಕೆಂಪು ಇದ್ದವು. ಹೊನ್ನಕ್ಕ ಕಾರ್ಡನ್ನು ಅಂಗಳಕ್ಕೆ ಒಯ್ದು ಬಿಸಿಲಲ್ಲಿ ನೋಡಿ ಒಂದನ್ನು ಆರಿಸಿದಳು. ಆದರೆ ಗಣಪ ಡಬ್ಬಿ ತೆರೆದು ಕಲಸಿದಾಗ ಆಕೆಗೆ ಅದು ತಿಳಿಯಾಗಿ ಕಂಡಿತು.

“ಗಣಪ, ಇದು ಒಣಗಿದ್ರೆ ಇನ್ನೂ ಬೆಳ್ಳಗಾಗ್ತದೆ. ದಟ್ಟ ಮಾಡು.”

“ಹೊನ್ನಕ್ಕ, ಇದು ಒಣಗಿದ್ರೆ ದಟ್ಟ ಆಗ್ತದೆ.”

“ನಂಗೆ ಹೇಳಿಕೊಡ್ತೀಯಾ? ಹುಟ್ಟಿದಾಗಿಂದ ಗೋಡೆ ಬಳಿದೀನಿ ನಾನು.”

ಇಬ್ಬರು ಹೇಳಿದ್ದೂ ಸರಿ. ಕೆಮ್ಮಣ್ಣಿನ ಗೋಡೆ ಒದ್ದೆಯಿದ್ದಾಗ ಕಪ್ಪು ಕೆಂಪಾಗಿ ಕಂಡು, ನೀರು ಆರಿ ಮಣ್ಣಿನ ಕಣಗಳ ನಡುವೆ ಗಾಳಿ ತುಂಬಿಕೊಂಡಾಗ ತಿಳಿಯಾಗುತ್ತದೆ. ಈಗಿನ ಡಬ್ಬಿಯ ಬಣ್ಣ ಇದಕ್ಕೆ ಉಲ್ಟಾ. ಅದರಲ್ಲಿ ಹಾಲಿನಂಥ ಅಂಟು ಬೆರೆತಿರುತ್ತದೆ. ಒಣಗುತ್ತ ಅಂಟು ಪಾರದರ್ಶಕವಾಗಿ ಬಣ್ಣ ಗಾಢವಾಗುತ್ತದೆ. ಹೊನ್ನಕ್ಕ ಮಣ್ಣಿನ ಲೆಕ್ಕವನ್ನು ಡಬ್ಬಿಗೆ ಹಾಕಿದ್ದಳು. ಮರುದಿನ ಗೋಡೆ ಬೇಯಿಸಿದ ಬೀಟ್‌ರೂಟಿನಂತೆ ಕಾಣುತ್ತಿತ್ತು. ಉಲ್ಲಾಸ ಒಳಗೆ ಬಂದವನು ಹಾಗೇ ಹೊರಗೆ ಹೋಗಿ, “ಅಮ್ಮ, ಇಲ್ಲಿ ಎಂತಾರೂ ಕೊಯ್ದ್ರಾ?” ಎಂದು ಕೇಳಿದ.

ಪ್ರತಿಭಾ ನಗಲಿಲ್ಲ. “ಬರೆಯೋರು ಅವರು. ಅವರ ಮನಸ್ಸಿಗೆ ಒಪ್ಪೋವರೆಗೆ ಬದಲಾಯಿಸೋಣ” ಎಂದಳು.

ಹೊನ್ನಕ್ಕನಿಗೆ ದಾರಿ ಸಿಕ್ಕಿತು. ಎಲ್ಲಿಯವರೆಗೆ ಗೋಡೆಯನ್ನು ಒಪ್ಪುವುದಿಲ್ಲವೋ ಅಲ್ಲಿಯವರೆಗೆ ಬರೆಯಬೇಕಾಗಿಲ್ಲ.

ಎರಡನೆಯ ಕೆಂಪು ಅಂಚೆ ಡಬ್ಬಿಯ ಹಾಗಿದೆ ಎಂದಳು. ಮೂರನೆಯದು ಕೆಮ್ಮಣ್ಣಿನಂತೆಯೇ ಬಂದಿತ್ತು. ಗಣಪ ಪಕ್ಕದಲ್ಲಿ ನಿಜವಾದ ಮಣ್ಣಿನ ಹೆಂಟೆಯನ್ನು ಹಿಡಿದು ತೋರಿಸಿದ. ಹೊನ್ನಕ್ಕ ಸ್ವಲ್ಪ ಹೊತ್ತು ನೋಡಿ, “ಗೋಡೆ ಸರಿ ಅದೆ, ಉಳಿದ ಮೂರು ಗೋಡೆ ಸರಿ ಇಲ್ಲ” ಎಂದಳು. ಉಳಿದ ಗೋಡೆಗಳು ತಿಳಿ ಹಸಿರಾಗಿದ್ದವು. ಕೆಂಪಿನ ಪಕ್ಕ ಹಸಿರು ಕಣ್ಣಿಗೆ ಕುಣಿಯುತ್ತದೆ ಎಂಬುದು ಸುಳ್ಳಲ್ಲ. ಆಕೆಯ ಆಕ್ಷೇಪಗಳಲ್ಲಿ ಹೆಚ್ಚಿನವು ಸುಳ್ಳಲ್ಲ, ತೊಂದರೆಯೇ ಅದು. ಮೂರು ಗೋಡೆ ಕೆನೆಬಣ್ಣಕ್ಕೆ ತಿರುಗಿದವು. ಅದಕ್ಕೆ ಸರಿಯಾಗಿ ಪ್ರತಿಭಾ ನೀಲಿ ಪರದೆಗಳನ್ನು ಅಂಗಡಿಗೆ ಹಿಂದಿರುಗಿಸಿ ಸಾದಾ ಬಿಳಿ ತಂದಳು. ಹೂವಿನ ಸೋಫಾ ಕವರು ತೆಗೆದಳು. ಬೀಗರು ಉಡುಗೊರೆ ಕೊಟ್ಟಿದ್ದ, ಓಡುತ್ತಿರುವ ಏಳು ಕುದುರೆಗಳ ಚಿತ್ರ ಮಲಗುವ ಕೋಣೆಗೆ ಹೋಯಿತು. ಅಂತೂ ಒಬ್ಬರಿಗೆ ಬರೆಯಲು ಬಾರದ ಕಾರಣಕ್ಕೆ ಆ ಮನೆ ದಿನದಿಂದ ದಿನಕ್ಕೆ ಚೆಂದವಾಗುತ್ತ ಹೋಯಿತು.

ನೆಪಗಳು ತೀರುತ್ತ ಬಂದವು. ಗೃಹಪ್ರವೇಶದ ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ ಚಿತ್ತಾರ ಬರೆಯುವುದು, ಅಕ್ಕಪಕ್ಕದ ಹೆಂಗಸರೆಲ್ಲ ನೋಡಲು ಬರುವುದು ಎಂದು ಪ್ರತಿಭಾ ಎಲ್ಲರಿಗೂ ಹೇಳಿದಳು. ಅವತ್ತೇ ಸಂಜೆ ಹೊನ್ನಕ್ಕ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

“ಅಕ್ಕೋರೇ, ಪುಟ್ಟಿ ಹಾಕಿದ ಗೋಡೆಗೆ ಚಿತ್ತಾರ ಹಿಡಿಯದಿಲ್ಲ ಅಂತ ನಿಮ್ಮ ವಿಜ್ಞಾನದಲ್ಲಿ ಎಂತಾರೂ ಅದೆಯಾ?”

“ಇದೆ” ಎಂದೆ. “ಮಣ್ಣಿನ ಗೋಡೆ ಒರಟು, ಹಿಟ್ಟನ್ನು ಹೀರಿ ಹಿಡಿದುಕೊಳ್ಳುತ್ತದೆ. ಪುಟ್ಟಿಯ ಮೇಲೆ ಬಣ್ಣ ಬಳಿದ ಗೋಡೆ ನುಣುಪು. ಅಕ್ಕಿಹಿಟ್ಟು ಒಣಗಿದ ಮೇಲೆ ಉದುರುತ್ತದೆ.”

ಆಕೆಯ ಮುಖ ಅರಳಿತು. “ನೋಡಿ! ಇದನ್ನ ಪ್ರತಿಭಾಗೆ ಹೇಳಿಬಿಡಿ ನೀವೇ.”

“ಆದರೆ ಹಿಟ್ಟಿಗೆ ಸ್ವಲ್ಪ ಮರಗೆಲಸದ ಬಿಳಿ ಅಂಟು ಸೇರಿಸಿದರೆ ಚೆನ್ನಾಗಿ ನಿಲ್ಲುತ್ತದೆ.”

“ಅಕ್ಕೋರೇ, ನಾನು ಕಾರಣ ಕೇಳಿದ್ದು. ಪರಿಹಾರ ಯಾರು ಕೇಳಿದ್ರು?”

ಆಮೇಲೆ ಮೆಟ್ಟಿಲ ಮೇಲೆ ಕುಳಿತು ಎಲ್ಲ ಹೇಳಿದಳು. ತವರು ಬಿಳಗಿಯ ಹತ್ತಿರ. ಅಲ್ಲಿ ಚಿತ್ತಾರ ಬರೆಯುತ್ತಿದ್ದವಳು ಅಕ್ಕ ಸೀತಮ್ಮ. ಉದ್ದ ಗೆರೆ ನೆಟ್ಟಗೆ ಬರಲು ನೂಲನ್ನು ಬಿಳಿಯಲ್ಲಿ ಅದ್ದಿ, ಎರಡು ತುದಿಯನ್ನೂ ಗೋಡೆಗೆ ಒತ್ತಿ ಹಿಡಿದು, ನಡುವೆ ಎಳೆದು ಬಿಡುತ್ತಾರೆ. ಹೊನ್ನಕ್ಕನ ಕೆಲಸ ಆ ನೂಲಿನ ಒಂದು ತುದಿ ಹಿಡಿಯುವುದು, ಅಷ್ಟೇ. ಒಮ್ಮೆ ಮಾತ್ರ, ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಸೀತಮ್ಮ ಊಟಕ್ಕೆ ಎದ್ದಾಗ ಪುಂಡಿ ನಾರಿನ ಕುಂಚ ಹಿಡಿದು ಮದುಮಕ್ಕಳ ದಂಡಿಗೆ, ಅಂದರೆ ಪಲ್ಲಕ್ಕಿ, ಹೊರುವ ನಾಲ್ಕು ಜನರನ್ನು ತಾನೇ ಬರೆದಳು. ದಂಡಿಗೆಯ ಭಾರ ಕಾಣಲಿ ಎಂದು ಅವರ ಮೊಣಕಾಲು ಮಡಚಿಸಿದಳು, ಕೈ ಮೇಲೆತ್ತಿಸಿದಳು. ಗಂಡಿನ ಕಡೆಯ ಮುದುಕರೊಬ್ಬರು ಕನ್ನಡಕ ಏರಿಸಿ ನೋಡಿ, “ಈ ಊರಲ್ಲಿ ದಂಡಿಗೆ ಹೊರದು ಕಪ್ಪೆಗಳಾ?” ಎಂದು ಕೇಳಿದರು. ಮದುವೆ ಆಗುವವರೆಗೂ ಊರಲ್ಲಿ ಆಕೆ ಕಪ್ಪೆ ಹೊನ್ನಿ.

“ಸೀತಕ್ಕ ಇನ್ನೂ ಬರೆಯುತ್ತಾರೆಯೇ? ಅವರನ್ನೇ ಕರೆಸಬಹುದಲ್ಲ.”

“ಕರೆದ್ರೆ ಬರ್ತಾಳೆ. ಬಸ್ಸಿಂದ ಇಳಿಯೋ ಮೊದಲೇ ಕಂಡಕ್ಟರಿಗೆ ಕಪ್ಪೆ ಕತೆ ಹೇಳಿರ್ತಾಳೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಊರವರು ನಕ್ಕರೆ ನಗಲಿ ಅಕ್ಕೋರೇ. ಆ ಹುಡುಗಿ ನನ್ನ ಮುಖ ನೋಡೋ ರೀತಿ ಬದಲಾಗಿತ್ತು. ಅದು ಮೊದಲಿನಂಗೆ ಆಗದು ಬ್ಯಾಡ ಅಂತ, ಅಷ್ಟೇ.”

ಅಭ್ಯಾಸ ಮಾಡಿ ನೋಡೋಣ ಎಂದೆ. ನಮ್ಮ ಹಿತ್ತಿಲ ಗೋಡೆಯ ಮೇಲೆ ಸೀಮೆಸುಣ್ಣ ಕೊಟ್ಟು, ಕೋನ ಅಳೆದು ಹೇಳಿದೆ: ಎದೆಗೆ ಒಂದು ತ್ರಿಕೋನ, ಕಾಲಿಗೆ ಎರಡು ನೆಟ್ಟನೆಯ ಗೆರೆ. ಹೊನ್ನಕ್ಕ ಉಸಿರು ಬಿಗಿಹಿಡಿದು ಬರೆದಳು. ನಾವಿಬ್ಬರೂ ಹಿಂದೆ ಸರಿದು ನಿಂತು ನೋಡಿದೆವು. ಕಪ್ಪೆ ಎಂದು ನಾನು ಹೇಳಬೇಕಾಗಿರಲಿಲ್ಲ. ತ್ರಿಕೋನದಿಂದ ಕಪ್ಪೆ ಮಾಡುವುದು ಸುಲಭವಲ್ಲ. ಆದರೂ ಅದು ಕಪ್ಪೆಯೇ, ಈಗ ಹಾರೀತು ಎಂಬಂಥ ಕಪ್ಪೆ.

ಭಾನುವಾರ ಬಂತು. ನಡುಮನೆಯಲ್ಲಿ ಜಮಖಾನೆಯ ಮೇಲೆ ಹೆಂಗಸರು ತುಂಬಿದ್ದರು. ಪ್ರತಿಭಾ ಫೋನನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಗೋಡೆಗೆ ಮುಖ ಮಾಡಿಟ್ಟಿದ್ದಳು. ಅಂಟು ಬೆರೆಸಿದ ಅಕ್ಕಿಹಿಟ್ಟು, ಕುಂಚ, ನೂಲು ಎಲ್ಲ ಸಿದ್ಧವಾಗಿದ್ದವು. ಗಣಪ ಕರೆಯದಿದ್ದರೂ ಬಂದು ಮೂಲೆಯಲ್ಲಿ ನಿಂತಿದ್ದ. ತಾನು ಇಷ್ಟು ಸಲ ಬಳಿದ ಗೋಡೆಯ ಗತಿ ಏನಾಗುತ್ತದೆ ಎಂದು ನೋಡುವ ಹಕ್ಕು ಅವನಿಗಿತ್ತು. ಹೊನ್ನಕ್ಕ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿ, “ಗಣಪ, ಈ ಕೆಂಪು ಇನ್ನೊಂದು ಚೂರು...” ಎಂದು ಶುರುಮಾಡಿದಳು. ಗಣಪ ಕೈ ಮುಗಿದ.

ಅಷ್ಟರಲ್ಲಿ ಹೊರಗೆ ಉಲ್ಲಾಸನ ಬೈಕು ನಿಂತ ಸದ್ದು. ಹಿಂದಿನ ಸೀಟಿನಿಂದ ಇಳಿದವಳು ಸೀತಮ್ಮ.

“ನಾನೇ ಕರೆಸಿದ್ದು ಅತ್ತೆ!” ಪ್ರತಿಭಾ ಹಿಗ್ಗಿ ಹೇಳಿದಳು. “ನೀವು ಬರೆಯೋದನ್ನ ನಿಮ್ಮಕ್ಕ ನೋಡಬೇಡ್ವಾ?”

ಸೀತಮ್ಮ ಬಾಗಿಲಲ್ಲೇ ನಿಂತಳು. ಗೋಡೆ ನೋಡಿದಳು, ತಂಗಿಯ ಕೈಯ ಕುಂಚ ನೋಡಿದಳು, ತುಂಬಿದ ಸಭೆ ನೋಡಿದಳು. ಮುಖದ ಮೇಲೆ ಮೆಲ್ಲಗೆ ಒಂದು ನಗೆ ಹರಡಿತು.

“ಬರೆಯದು ಯಾರು? ಇವಳಾ?”

ಮುಂದಿನ ಮಾತು ಏನೆಂದು ಹೊನ್ನಕ್ಕನಿಗೆ ಗೊತ್ತಿತ್ತು. ಅದು ಅಕ್ಕನ ಬಾಯಿಂದ ಬರುವುದಕ್ಕೆ ಮೊದಲೇ ತನ್ನ ದೊಡ್ಡ ದನಿಯಲ್ಲಿ ಹೇಳಿಬಿಟ್ಟಳು: “ಪ್ರತಿಭಾ, ನಂಗೆ ಬರೆಯಾಕೆ ಬರದಿಲ್ಲ. ಯಾವತ್ತೂ ಬಂದಿಲ್ಲ. ನಾನು ಮನುಷ್ಯರನ್ನ ಬರೆದ್ರೆ ಕಪ್ಪೆ ಆಗ್ತದೆ. ಬರೆಯೋಳು ಇವಳು.”

ಸೀತಮ್ಮನಿಗೇ ಎಲ್ಲರಿಗಿಂತ ಹೆಚ್ಚು ಬೇಸರವಾದಂತೆ ಕಂಡಿತು. “ಅದನ್ನ ನಾನು ಹೇಳ್ಬೇಕಿತ್ತಲ್ಲೇ?” ಎಂದಳು. “ಬಿಳಗಿಯಿಂದ ಅದನ್ನೇ ನೆನೆಸಿಕೊಂಡು ಬಂದೆ.”

ಪ್ರತಿಭಾ ಅತ್ತೆಯನ್ನೇ ನೋಡುತ್ತಿದ್ದಳು. “ಮತ್ತೆ ಇಷ್ಟು ಬಣ್ಣ ಬೇಡ ಅಂದ್ರಲ್ಲ? ಪರದೆ ಬದಲಾಯಿಸಿದ್ದು, ಸೋಫಾ ಕವರು, ಕುದುರೆ...”

“ಬಣ್ಣ ನಂಗೆ ತಿಳೀತದೆ. ಕುದುರೆ ಹ್ಯಾಂಗೂ ಚಂದ ಇರ್ಲಿಲ್ಲ.”

ಪ್ರತಿಭಾ ನಗಲು ಶುರುಮಾಡಿದಳು. ಕುದುರೆ ಕೊಟ್ಟವಳು ಅವಳ ತಾಯಿ. ಅದು ಅವಳಿಗೂ ಎಂದೂ ಹಿಡಿಸಿರಲಿಲ್ಲ ಎಂದು ಅವತ್ತು ತಿಳಿಯಿತು. ನಗುತ್ತಲೇ ಹೋಗಿ ಅತ್ತೆಯ ಕೈಯಿಂದ ಕುಂಚ ತೆಗೆದು ಸೀತಮ್ಮನಿಗೆ ಕೊಟ್ಟಳು. ಹೊನ್ನಕ್ಕ ನೂಲಿನ ತುದಿ ಹಿಡಿದು ಗೋಡೆಯ ಪಕ್ಕ ನಿಂತಳು.

ಅಕ್ಕತಂಗಿಯರು ಮಧ್ಯಾಹ್ನ ದಾಟುವವರೆಗೆ ಬರೆದರು, ಬರೆದಷ್ಟೇ ಜಗಳವಾಡಿದರು. “ಎಳೆದು ಹಿಡಿಯೇ.” “ಹಿಡಿದೀನಿ, ನೀ ಬಿಡು.” “ಮೇಲೆ ಹೋತು.” “ನಿನ್ನ ಕಣ್ಣು ಮೇಲೆ ಹೋತು.” ಅಂಚು ಬಂತು, ಚೌಕಗಳು ಬಂದವು, ನಡುವೆ ದಂಡಿಗೆ ಬಂತು. ದಂಡಿಗೆಯ ಒಳಗೆ ಮದುಮಕ್ಕಳು ಕುಳಿತರು. ಅದರ ಕೆಳಗೆ ಹೊರುವವರ ಜಾಗವನ್ನು ಖಾಲಿ ಬಿಟ್ಟು ಸೀತಮ್ಮ ಸೊಂಟ ಹಿಡಿದುಕೊಂಡು ಕೂತಳು.

“ನಂಗೆ ಸಾಕಾತು. ನಾನು ಊಟ ಮಾಡ್ತೀನಿ. ಅಷ್ಟು ನೀ ಬರಿ” ಎಂದು ಕುಂಚವನ್ನು ತಂಗಿಯ ಕಡೆ ಚಾಚಿದಳು.

“ನಿಂಗೆ ಹುಚ್ಚಾ? ಇಷ್ಟು ಚಂದ ಬಂದದ್ದನ್ನ ಹಾಳು ಮಾಡಾಕಾ?”

“ಬರೀರಿ ಅತ್ತೆ” ಎಂದಳು ಪ್ರತಿಭಾ. “ನಂಗೆ ನೋಡಬೇಕು.”

ಹೊನ್ನಕ್ಕ ಬರೆದಳು. ಈ ಸಲ ಕಾಲನ್ನು ನೆಟ್ಟಗೆ ಇಡಲು ಬಹಳ ಎಚ್ಚರ ವಹಿಸಿದಳು. ನಾಲ್ಕೂ ಮುಗಿದ ಮೇಲೆ ಜಮಖಾನೆಯ ಮೇಲಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು. ಗಣಪ ಮೂಲೆಯಿಂದ, ಯಾರನ್ನೂ ನೋಡದೆ, “ಬಣ್ಣ ಮಾತ್ರ ಸರಿಯಾಗಿ ಕೂತದೆ” ಎಂದ.

ಸಂಜೆ ಪ್ರತಿಭಾ ತಾಯಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಗೋಡೆಯ ಉದ್ದಕ್ಕೂ ನಿಧಾನವಾಗಿ ಆಡಿಸಿದಳು. ಹೊನ್ನಕ್ಕ ಅಡುಗೆಮನೆಯ ಬಾಗಿಲಲ್ಲಿ, ಪಾತ್ರೆ ಒರೆಸುವ ನೆಪದಲ್ಲಿ, ಕಿವಿ ಇಟ್ಟು ನಿಂತಿದ್ದಳು. ಫೋನಿನೊಳಗಿಂದ ತಾಯಿ ಚಂದ ಚಂದ ಎನ್ನುತ್ತ ಬಂದವರು ಕೆಳಗೆ ಬಂದಾಗ ನಿಂತರು.

“ಎಲ್ಲ ಚಂದ ಇದೆ ಮಗಾ. ಆದ್ರೆ ದಂಡಿಗೆ ಕೆಳಗೆ ಅದೆಂತ, ಕಪ್ಪೆಯಾ?”

ಪಾತ್ರೆ ಒರೆಸುವ ಸದ್ದು ನಿಂತಿತು.

“ಹೌದಮ್ಮ, ಕಪ್ಪೆ” ಎಂದಳು ಪ್ರತಿಭಾ, ತಾಯಿಗೆ ಗೊತ್ತಿಲ್ಲದ್ದನ್ನು ತಿಳಿಸುವ ಗಂಭೀರ ದನಿಯಲ್ಲಿ. “ನಮ್ಮನೆ ಚಿತ್ತಾರದಲ್ಲಿ ದಂಡಿಗೆ ಕಪ್ಪೆಗಳೇ ಹೊರಬೇಕು. ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಅದೇ ಪದ್ಧತಿ.”