ಇಪ್ಪತ್ತೊಂಬತ್ತನೆಯ ದಿನದ ಲಕೋಟೆ
೧೯೮೮ರ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ, ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಅಮರಗುಂಡಪ್ಪನವರು ಲಕೋಟೆ ಮುಟ್ಟಿದ್ದಕ್ಕೆ ಸಹಿ ಹಾಕುವ ತಪಾಲು ಪುಸ್ತಕ ಕಂಡು ಪೆನ್ನು ಬಚ್ಚಿಡುತ್ತಿದ್ದರು. ಖಾಲಿಯಿದ್ದ ಮ್ಯಾನೇಜರ್ ಹುದ್ದೆಯ ಪ್ರಭಾರ ಅವರದೇ ಆಗಿದ್ದರೂ ಸತತ ಮೂವತ್ತು ದಿನ ತುಂಬಿದರಷ್ಟೇ ಅದರ ಭತ್ಯೆ ಸಿಗುತ್ತಿತ್ತು. ಹಿಂದೆ ಎರಡು ಸಲ ಸರಿಯಾಗಿ ಇಪ್ಪತ್ತೊಂಬತ್ತನೆಯ ದಿನವೇ ಪ್ರಭಾರ ಬಿಡಿಸುವ ಆದೇಶ ಬಂದಿತ್ತು. ಅಂದಿನಿಂದ ಸಾಹೇಬರು ನಕ್ಕರೂ ಗುಮಾನಿ, ಯಾರಾದರೂ ಚಹಾ ಕುಡಿಸಿದರೂ ಗುಮಾನಿ. ಇವತ್ತು ಮತ್ತೆ ಇಪ್ಪತ್ತೊಂಬತ್ತನೆಯ ದಿನ. "ಸಹಿ ಮಾಡ್ರೀ, ಲಕೋಟಿ ಏನು ಕಚ್ಚೂದಿಲ್ಲ," ಅಂದ ಜವಾನ ರಹಮಾನಸಾಬ. "ಎರಡು ಸಲ ಕಚ್ಚೈತಲೇ, ಒಯ್ಯಿ." ಮೂರು ಸಲ ಹೀಗೆ ಮರಳಿದ ಲಕೋಟೆಯಲ್ಲಿದ್ದದ್ದು ಅವರನ್ನೇ ಕಾಯಂ ಮ್ಯಾನೇಜರ್ ಮಾಡಿದ ಆದೇಶ. ಅವರು ಒಲ್ಲೆ ಅಂದರೆಂದು ಬರೆದುಕೊಂಡು, ಮೇಲಿನ ಕಚೇರಿಯವರು ಆ ಬಡ್ತಿಯನ್ನು ಮಸ್ಕಿಯವರೊಬ್ಬರಿಗೆ ಕೊಟ್ಟರು. "ಮುಂದಿನ ಬಡ್ತಿ ಎರಡು ವರ್ಷಕ್ಕಂತ. ನಿಮ್ಮ ನೌಕರಿ ಇನ್ನೆಷ್ಟು ದಿನ ಐತ್ರೀ?" ಎಂದು ರಹಮಾನಸಾಬ ಮೆಲ್ಲಗೆ ಕೇಳಿದ. ಅಮರಗುಂಡಪ್ಪನವರು ಕ್ಯಾಲೆಂಡರಿನತ್ತ ನೋಡದೆಯೇ ಹೇಳಿದರು: "ನೂರಾ ನಲವತ್ತೊಂದು."