ಮೇಡಂ ಆರಿಸಲಾಗದ ಸಿಟ್ಟು

ಹೋದ ವಾರ ಸಂತೆಮರಹಳ್ಳಿಗೆ ಹೋಗುವಾಗ ರಸ್ತೆಬದಿಯ ಹೊಲದಲ್ಲಿ ಯಾರೋ ಅರಿಶಿನ ಬೇಯಿಸುತ್ತಿದ್ದರು. ಹಸಿ ಮಣ್ಣು ಬೆರೆತ ಆ ಘಾಟು ಬಸ್ಸಿನ ಕಿಟಕಿಯಿಂದ ಬಂದು ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಸುಗ್ಗಿಯ ವಾಸನೆ. ನನಗೆ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು... ಜೊತೆಗೆ ಹಳೆಯ ಸಿಟ್ಟೂ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಮುಂಭಾಗವನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಉಡಿಗಾಲ ಎಂಬ ಊರಿನವರು, ಒಂಟಿ ಹೆಂಗಸು. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದರು. ನಾನೂ ಅವರ ವಿದ್ಯಾರ್ಥಿನಿ. ಗ್ರೀಕರ ಪಾಠ ಬಂದರೆ ಅವರ ಮುಖವೇ ಬೇರೆಯಾಗುತ್ತಿತ್ತು. ಪ್ರಶ್ನೆ ಕೇಳುತ್ತಾನೆಂದು ಊರಿನವರೇ ವಿಷ ಕುಡಿಸಿ ಕೊಂದ ಆ ಮುದುಕ ತತ್ವಜ್ಞಾನಿಯನ್ನು ತಮ್ಮ ಸೋದರಮಾವನೇನೋ ಎಂಬಂತೆ ನೆನೆಯುತ್ತಿದ್ದರು. ಅನ್ಯಾಯಕ್ಕೆ ಸಿಕ್ಕಿದವನಿಗಿಂತ ಅನ್ಯಾಯ ಮಾಡಿದವನ ಆತ್ಮಕ್ಕೇ ಹೆಚ್ಚು ಪೆಟ್ಟು ಬೀಳುತ್ತದೆ ಎಂದು ಅವನು ನಂಬಿದ್ದನಂತೆ. ನಾನು ಬರೆದುಕೊಳ್ಳುತ್ತಿದ್ದೆ. ಒಂದಕ್ಷರವನ್ನೂ ನಂಬುತ್ತಿರಲಿಲ್ಲ.

ನಂಬುವುದಾದರೂ ಹೇಗೆ? ಆ ವರ್ಷವೇ ಅಕ್ಕನನ್ನು ಚಾಮರಾಜನಗರದ ಗಂಡನ ಮನೆಯಿಂದ ಅಟ್ಟಿದ್ದರು. ಅವಳ ಹೊಟ್ಟೆಯಲ್ಲಿದ್ದ ಮಗು ತನ್ನದಲ್ಲ ಎಂದು ಭಾವ ಬೀದಿಯಲ್ಲಿ ನಿಂತು ಕೂಗಿದ್ದ. ಅವನಿಗೆ ಇನ್ನೊಂದು ಹೆಣ್ಣು ನೋಡಿಯಾಗಿತ್ತು, ಕಾರಣ ಅಷ್ಟೇ. ಮಗು ಹುಟ್ಟಿದ ದಿನವೇ ಹೋಯಿತು. ಗೋಡೆಗೆ ಮುಖ ಮಾಡಿ ಮಲಗಿದ ಅಕ್ಕ ತಿಂಗಳುಗಟ್ಟಲೆ ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಅರಿಶಿನದ ಕೊಪ್ಪರಿಗೆ ಕುದಿಯುತ್ತಿತ್ತು. ಭಾವ ತನ್ನ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬಂದ. "ತಾಳಿ ಬಿಚ್ಚಿಸ್ಕೊಡಿ, ಅದು ನಮ್ಮನೆ ಚಿನ್ನ" ಅಂದ. ಅಪ್ಪ ತಲೆ ತಗ್ಗಿಸಿದರು. ನಾನು ಬಕೆಟ್ಟಿಗೆ ಕುದಿನೀರು ತುಂಬಿಕೊಂಡು ಅಂಗಳಕ್ಕೆ ಬಂದೆ. ಅವನ ಮುಖದ ಚರ್ಮ ಸುಲಿಯುವುದನ್ನು ಮನಸ್ಸಿನಲ್ಲಿ ಆಗಲೇ ನೋಡಿಯಾಗಿತ್ತು. ಚೆನ್ನಾಗಿತ್ತು.

ಮೇಡಂ ತಮ್ಮ ಬಾಗಿಲಲ್ಲಿ ನಿಂತಿದ್ದರು. ಕೂಗಲಿಲ್ಲ, ನನ್ನ ಕೈ ಹಿಡಿಯಲೂ ಇಲ್ಲ. ಹತ್ತಿರ ಬಂದು, ಕ್ಲಾಸಿನ ಭಾಷೆ ಬಿಟ್ಟು, ಮೆಲ್ಲಗೆ ಅಂದರು:

"ಸುರಿಬೇಕು ಅಂದ್ರೆ ಸುರಿ ಕಣಮ್ಮಿ. ಆದ್ರೆ ಸುರಿತಿರೋಳು ನೀನಾ, ನಿನ್ ಸಿಟ್ಟಾ? ಒಂದ್ ಗಳಿಗೆ ನೋಡ್ಕೊಂಡು ಸುರಿ."

ನನ್ನ ಕೈ ನಿಂತಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. ತಾಳಿಯನ್ನು ತಾನೇ ತೆಗೆದು ಹಿರಿಯರ ಕೈಗಿಟ್ಟಳು. ಅದುವರೆಗೂ ಗಂಡನನ್ನು 'ನೀವು' ಎನ್ನುತ್ತಿದ್ದವಳು ಅವನ ಎದುರಿಗೇ ನಿಂತಳು.

"ಆ ಕೂಸು ನಿಂದೇ. ನಿಂಗೂ ಗೊತ್ತದೆ. ಅಲ್ಲ ಅನ್ನು... ನನ್ ಮಕ ನೋಡ್ಕೊಂಡು ಅನ್ನು."

ಅವನು ಮುಖ ತಿರುಗಿಸಿ ಬೀದಿಯ ಕಡೆ ನೋಡಿದ. ಹಿರಿಯರು ಅವನನ್ನೊಮ್ಮೆ, ಕೈಯಲ್ಲಿದ್ದ ತಾಳಿಯನ್ನೊಮ್ಮೆ ನೋಡಿದರು. "ಥೂ, ನಡಿಲಾ ಓಗನ" ಎಂದು ತಾವೇ ಮುಂದೆ ನಡೆದುಬಿಟ್ಟರು.

ಅಂದು ಅಕ್ಕ ತಾನಾಗಿಯೇ ತಟ್ಟೆ ಹಾಕಿಕೊಂಡು ಉಂಡಳು. ಮುಂದೆ ಓದಿ ಟೀಚರಾದಳು. ಭಾವನ ಮದುವೆಯೂ ನಡೆಯಿತು, ವಾಲಗದೊಂದಿಗೆ.

ಅದು ಗೊತ್ತಾದ ದಿನ ಮೇಡಂ ಜೊತೆ ಜಗಳಕ್ಕೆ ಬಿದ್ದೆ. "ನಿಮಗೆ ಯಾರ ಮೇಲೂ ಸಿಟ್ಟೇ ಬರಲ್ವಾ?"

"ಬತ್ತದೆ. ದಿನಾ ಬತ್ತದೆ. ನನ್ ಸ್ವಂತ ಅಣ್ಣದೀರೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. "ಬಂದ್ರೆ ಕೂರುಸ್ತೀನಿ. ಉಣ್ಣಕ್ ಇಕ್ಕಲ್ಲ, ಅಷ್ಟೇ."

ಅಣ್ಣಂದಿರು ಏನು ಮಾಡಿದ್ದರೋ... ನಾನು ಕೇಳಲಿಲ್ಲ. ಮುಂದೆ ಅವರಿಗೆ ವರ್ಗವಾಯಿತು. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಎಷ್ಟೋ ತಿಂಗಳ ಮೇಲೆ.

ಹೋದ ವಾರ ಸಂತೆಮರಹಳ್ಳಿಯಲ್ಲಿ ಬಸ್ಸಿಳಿದಾಗ ಭಾವನನ್ನು ಕಂಡೆ. ಬಿಳಿ ಪಂಚೆ, ಹೊಸ ಹಲ್ಲಿನ ಸೆಟ್ಟು. ಮೊಮ್ಮಗುವಿಗೆ ಐಸ್‌ಕ್ರೀಂ ತಿನ್ನಿಸುತ್ತ ನಗುತ್ತಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಪೆಟ್ಟು ಬಿದ್ದ ಆತ್ಮ ಎಲ್ಲಾದರೂ ಕಾಣುತ್ತದೆಯೇ ಎಂದು ಅವನ ಮುಖವನ್ನೇ ನೋಡುತ್ತ ನಿಂತೆ. ಕಾಣಲಿಲ್ಲ. ಮೈಯೆಲ್ಲ ಉರಿಯಿತು.

ನೀವು ಹೇಳಿದ್ದು ಸುಳ್ಳು ಮೇಡಂ ಎಂದು ಅವರ ಮುಂದೆ ಹೋಗಿ ನಿಲ್ಲಬೇಕೆನಿಸಿತು. ಇದ್ದಿದ್ದರೆ ನಕ್ಕು ಇನ್ನೊಂದು ಪ್ರಶ್ನೆ ಹಾಕುತ್ತಿದ್ದರು. ನಾನು ಸಿಡುಕಿ ಎದ್ದು ಹೋಗುತ್ತಿದ್ದೆ, ಮಾರನೆಯ ದಿನ ಮತ್ತೆ ಬಂದು ಕೂರುತ್ತಿದ್ದೆ... ಈಗ ನನ್ನ ಸಿಟ್ಟಿಗೆ ಎದುರು ಮಾತಾಡುವವರು ಯಾರೂ ಇಲ್ಲ.