ಚೌಡೇಶ್ವರಿ ರೂಟರ್ ಬಿಚ್ಚುವ ಪರಿ
ಕೆಟ್ಟ ವೈಫೈ ರೂಟರನ್ನು ಡಬ್ಬಿ ಒಡೆಯದೆ ಬಿಚ್ಚಬೇಕಾದರೆ ಇಡೀ ದೊಡ್ಡಬಳ್ಳಾಪುರಕ್ಕೆ ಚೌಡೇಶ್ವರಿಯೊಬ್ಬಳೇ. ಬೇರೆಯವರು ಸ್ಕ್ರೂಡ್ರೈವರ್ ತೂರಿಸಿ ಚಟ್ಟನೆ ಎತ್ತಿ ಒಳಗಿನ ಕೊಕ್ಕೆಗಳನ್ನು ಮುರಿಯುತ್ತಾರೆ. ಇವಳು ಹಳೆಯ ಎಟಿಎಂ ಕಾರ್ಡನ್ನು ಸಂದಿಯಲ್ಲಿ ಮೆಲ್ಲಗೆ ಸರಿಸುತ್ತಾ, ಒಂದೊಂದು ಕೊಕ್ಕೆಗೂ "ಬಾ ನನ್ನಪ್ಪ, ಇನ್ನೊಂಚೂರು" ಎಂದು ಪುಸಲಾಯಿಸುತ್ತಾಳೆ. ಅವಸರದವರಿಗೆ ಒಂದೇ ಮಾತು: "ಒಡೆಯೋಕೆ ನಾನ್ಯಾಕೆ ಬೇಕು ಗುರು, ನೀನೇ ಒಡ್ಕೋ." ಅವಳು ಮುಚ್ಚಿಕೊಟ್ಟ ಡಬ್ಬಿಯನ್ನು ಕಂಡರೆ, ತಯಾರಿಸಿದವರೇ ಇದನ್ನು ಯಾರೂ ಮುಟ್ಟಿಲ್ಲ ಎಂದಾರು. ಮೊನ್ನೆ ಪಕ್ಕದ ಬೀದಿಯ ಮುನಿವೆಂಕಟಮ್ಮ ತಂದ ರೂಟರಿನಲ್ಲಿ ಒಂದು ಸ್ಕ್ರೂ ತಳಕ್ಕೆ ಅಂಟಿಸಿದ್ದ ಚೀಟಿಯಡಿ ಅಡಗಿತ್ತು. ಚೀಟಿಯ ಮೇಲೆ ಪೆನ್ನಿನ ಡೊಂಕು ಅಕ್ಷರಗಳಿದ್ದವು. "ಅರವತ್ತಾದ್ಮೇಲೆ ಅಕ್ಷರ ಕಲ್ತು ಮೊದ್ಲು ಬರ್ದಿದ್ದು ಕಣಮ್ಮ, ನನ್ನೆಸ್ರು. ಹರಿದ್ಬಿಡ್ಬೇಡ" ಎಂದರು ಆಕೆ. ಚೌಡೇಶ್ವರಿ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು, ಅರ್ಧ ಗಂಟೆ ಕೂತು ಚೀಟಿಯನ್ನು ಇಡಿಯಾಗಿ ಬಿಡಿಸಿದಳು. ದುರಸ್ತಿ ಮುಗಿದ ಮೇಲೆ ಹಾಗೆಯೇ ಅಂಟಿಸಿದಳು. ದೀಪ ಹಸಿರಾಗಿ ಹತ್ತಿದರೂ ಮುನಿವೆಂಕಟಮ್ಮ ಅತ್ತ ನೋಡಲೇ ಇಲ್ಲ. ರೂಟರನ್ನು ಮಗುಚಿ, ಬೆರಳಿಟ್ಟು, "ಮು... ನಿ..." ಎಂದು ಕೂಡಿಸಿಕೊಳ್ಳತೊಡಗಿದರು. ಹಿಂದೆ ನಿಂತಿದ್ದ ಗಿರಾಕಿ, "ಅಕ್ಕ, ನಂದೂ ಸ್ವಲ್ಪ ನೋಡಿ" ಎಂದ. ಚೌಡೇಶ್ವರಿ ಕಾರ್ಡನ್ನು ಕೆಳಗಿಟ್ಟು ಕೈಕಟ್ಟಿ ಕೂತಳು: "ಇರಪ್ಪಾ, ಅಮ್ಮ ಓದ್ತಾವ್ರೆ."